ಹೃದಯಕ್ಕೆ ಅಬ್ಲೇಷನ್, ಕಣ್ಣೆದುರು ಮಿಂಚು: ನಿಮಗಿದು ಗೊತ್ತೇ?

ಎದೆಬಡಿತದ ತಾಳ ತಪ್ಪಿದವರಿಗೆ ಮಾಡುವ ಅಬ್ಲೇಷನ್ ಚಿಕಿತ್ಸೆಯ ಬಳಿಕ ಕೆಲವರಿಗೆ ಕಣ್ಣ ಮುಂದೆ ಅಂಕುಡೊಂಕು ಬೆಳಕಿನ ಗೆರೆಗಳು ಕಾಣಿಸಿಕೊಳ್ಳುತ್ತವೆ. ಎರಡೂ ಕಣ್ಣು ಮುಚ್ಚಿದರೂ ಅವು ಹೋಗುವುದಿಲ್ಲ! ಗಾಬರಿಯಿಂದ ಕಣ್ಣಿನ ಡಾಕ್ಟರ ಬಳಿ ಓಡಿದರೆ ಅವರು ಪರೀಕ್ಷಿಸಿ, ಕಣ್ಣು ಚೆನ್ನಾಗಿಯೇ ಇದೆ ಎನ್ನುತ್ತಾರೆ. ಡಾಕ್ಟರು ಹೇಳಿದ್ದೂ ನಿಜ, ರೋಗಿ ಕಂಡದ್ದೂ ನಿಜ. ಆ ಬೆಳಕು ಹುಟ್ಟುವುದು ಕಣ್ಣಿನಲ್ಲಲ್ಲ. ತಲೆಯ ಹಿಂಬದಿಯಲ್ಲಿ, ನೋಟವನ್ನು ಗ್ರಹಿಸುವ ಮಿದುಳಿನ ಭಾಗದಲ್ಲಿ.

ಅಬ್ಲೇಷನ್ ಎಂದರೆ ಹೃದಯದೊಳಗೆ ತಪ್ಪು ವಿದ್ಯುತ್ ಸಂಕೇತ ಹೊರಡಿಸುವ ಅಂಗಾಂಶವನ್ನು ಸುಟ್ಟೋ ಅತಿ ಶೀತದಿಂದ ಮರಗಟ್ಟಿಸಿಯೋ ಸುಮ್ಮನಾಗಿಸುವುದು. ಎದೆ ಸೀಳುವುದಿಲ್ಲ. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆಯಂಥ ಕ್ಯಾತಿಟರ್ ಹೃದಯದವರೆಗೆ ಹೋಗುತ್ತದೆ. 1982ರಲ್ಲಿ ಈ ವಿಧಾನ ಮನುಷ್ಯರ ಮೇಲೆ ಮೊದಲು ವರದಿಯಾದಾಗ ಬಳಸಿದ್ದು ನೇರ ವಿದ್ಯುತ್ ಆಘಾತ. ರೇಡಿಯೋ ತರಂಗದ ಶಾಖ, ಶೀತದಿಂದ ಮರಗಟ್ಟಿಸುವ ಕ್ರಯೋ ಬಲೂನ್ ಆಮೇಲೆ ಬಂದವು. ಈಚಿನದು ಕ್ಷಣಿಕ ವಿದ್ಯುತ್ ಮಿಡಿತಗಳನ್ನು ಬಳಸುವ ಪಲ್ಸ್ಡ್ ಫೀಲ್ಡ್; ಇದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2023ರ ಡಿಸೆಂಬರ್‌ನಲ್ಲಿ.

ಏಟ್ರಿಯಲ್ ಫಿಬ್ರಿಲೇಷನ್ ಎಂಬ ಅಡ್ಡಾದಿಡ್ಡಿ ಬಡಿತದ ಮೂಲ ಹೃದಯದ ಅಂಚಿನಲ್ಲಿದೆ ಎಂದು ತೋರಿಸಿದವರು ಫ್ರಾನ್ಸಿನ ಬೋರ್ಡೊ ನಗರದ ಮಿಷೆಲ್ ಹೈಸಗೆರ್ ಮತ್ತು ಸಂಗಡಿಗರು. 1998ರಲ್ಲಿ 45 ರೋಗಿಗಳನ್ನು ಪರೀಕ್ಷಿಸಿದಾಗ, ಬಡಿತ ಕೆಡಿಸುವ ಕಿಡಿಗಳಲ್ಲಿ ಶೇ. 94ರಷ್ಟು ಹೊರಡುತ್ತಿದ್ದುದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ನಾಳಗಳ ಒಳಗಿಂದ! ಇಂದಿಗೂ ಈ ಕಾಯಿಲೆಯ ಅಬ್ಲೇಷನ್ ಎಂದರೆ ಮುಖ್ಯವಾಗಿ ಆ ನಾಳಗಳ ಬಾಯಿಯ ಸುತ್ತ ಬೇಲಿ ಹಾಕುವ ಕೆಲಸವೇ.

ಆ ನಾಳಗಳಿರುವುದು ಹೃದಯದ ಎಡಭಾಗದಲ್ಲಿ. ಕ್ಯಾತಿಟರ್ ಬರುವುದು ಬಲಭಾಗಕ್ಕೆ. ಹಾಗಾದರೆ ದಾಟುವುದು ಹೇಗೆ? ಎರಡು ಹೃತ್ಕರ್ಣಗಳ ನಡುವಿನ ಗೋಡೆಗೆ ಸೂಜಿಯಿಂದ ತೂತು ಮಾಡಿಯೇ ದಾಟುತ್ತಾರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಜಾನ್ ರಾಸ್ ರೂಪಿಸಿದ ವಿಧಾನವಿದು. ಈ ಸಣ್ಣ ತೂತು ಬಹುತೇಕರಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲವರಲ್ಲಿ ತಡವಾಗುತ್ತದೆ. ಕಣ್ಣೆದುರಿನ ಮಿಂಚಿನ ಕಥೆ ಶುರುವಾಗುವುದು ಬಹುಶಃ ಇಲ್ಲಿಂದಲೇ.

ಶ್ವಾಸಕೋಶ ಉಸಿರಾಟಕ್ಕೆ ಮಾತ್ರವಲ್ಲ, ರಕ್ತ ಸೋಸುವುದಕ್ಕೂ ಹೌದು. ಅಭಿಧಮನಿಗಳಲ್ಲಿ ತೇಲಿಬರುವ ಸೂಕ್ಷ್ಮ ಹೆಪ್ಪುಗಳು, ಗಾಳಿಗುಳ್ಳೆಗಳು ಅಲ್ಲಿ ಸಿಕ್ಕಿಬೀಳುತ್ತವೆ; ಸೆರೊಟೋನಿನ್‌ನಂಥ ರಾಸಾಯನಿಕಗಳೂ ಅಲ್ಲೇ ಬಹುಪಾಲು ತೆಗೆದುಹಾಕಲ್ಪಡುತ್ತವೆ. ಗೋಡೆಯಲ್ಲಿ ತೂತಿದ್ದರೆ ಸ್ವಲ್ಪ ರಕ್ತ ಈ ಸೋಸುವಿಕೆಯನ್ನು ತಪ್ಪಿಸಿಕೊಂಡು ನೇರ ಎಡಕ್ಕೆ, ಅಲ್ಲಿಂದ ಮಿದುಳಿಗೆ ಹೋಗಬಹುದು. ಅದು ಮಿದುಳಿನ ಹೊರಪದರವನ್ನು ಕೆರಳಿಸಿ ಮೈಗ್ರೇನಿನ ಮುನ್ಸೂಚನೆಯಾದ 'ಆರಾ'ವನ್ನು ಹುಟ್ಟಿಸುತ್ತದೆ ಎಂಬುದು ವೈದ್ಯರು ಹೆಚ್ಚಾಗಿ ಕೊಡುವ ವಿವರಣೆ.

ಹುಟ್ಟಿನಿಂದಲೇ ಈ ಗೋಡೆಯಲ್ಲಿ ಕಿರುದಾರಿ ತೆರೆದೇ ಉಳಿದಿರುವವರು ಎಷ್ಟು ಮಂದಿ ಗೊತ್ತೇ? ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು! ಆರಾ ಇರುವ ಮೈಗ್ರೇನ್ ರೋಗಿಗಳಲ್ಲಿ ಇದು ಇನ್ನೂ ಹೆಚ್ಚು. ತೂತು ಮುಚ್ಚಿದರೆ ಮೈಗ್ರೇನ್ ನಿಲ್ಲಬೇಕಲ್ಲವೇ? ಬ್ರಿಟನ್ನಿನಲ್ಲಿ ಅದನ್ನೂ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ 'ಮಿಸ್ಟ್' ಅಧ್ಯಯನದಲ್ಲಿ ತೂತು ಮುಚ್ಚಿಸಿಕೊಂಡವರ ತಲೆನೋವು ನಿರೀಕ್ಷಿಸಿದಂತೆ ನಿಲ್ಲಲಿಲ್ಲ. ತೂತಿಗೂ ಮೈಗ್ರೇನಿಗೂ ನಂಟಿದೆ, ಆದರೆ ಅದು ನೇರ ಲೆಕ್ಕವಲ್ಲ.

ಆರಾ ಹೇಗಿರುತ್ತದೆ? ನೋಟದ ನಡುವೆ ಸಣ್ಣ ಚುಕ್ಕೆಯಾಗಿ ಶುರುವಾಗುತ್ತದೆ. ಮೆಲ್ಲನೆ ಹಿಗ್ಗಿ, ಗರಗಸದ ಹಲ್ಲಿನಂಥ ಮಿನುಗುವ ಅಂಚಿನ ಅರ್ಧಚಂದ್ರವಾಗಿ, ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ. ಅದು ಹಾದುಹೋದ ಜಾಗದಲ್ಲಿ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. 5 ನಿಮಿಷಕ್ಕಿಂತ ಹೆಚ್ಚು ಹೊತ್ತು ಹರಡಿ, ಸಾಮಾನ್ಯವಾಗಿ 60 ನಿಮಿಷದೊಳಗೆ ಮಾಯವಾಗುತ್ತದೆ. ಹಿಂದೆಂದೂ ಮೈಗ್ರೇನ್ ಇಲ್ಲದವರಿಗೂ ಅಬ್ಲೇಷನ್ ಬಳಿಕ ಇದು ಮೊದಲ ಬಾರಿ ಬರುವುದುಂಟು. ಆಮೇಲೆ ತಲೆನೋವು ಬರಲೇಬೇಕೆಂದಿಲ್ಲ.

ಈ ಮಿಂಚಿನ ಚಿತ್ರವನ್ನು ಬಿಡಿಸಿಟ್ಟವರು ಹ್ಯೂಬರ್ಟ್ ಏರಿ ಎಂಬ ಇಂಗ್ಲಿಷ್ ವೈದ್ಯರು. 1870ರಲ್ಲಿ, ತಮಗೇ ಕಂಡದ್ದನ್ನು ಹಂತ ಹಂತವಾಗಿ ಬರೆದು ಪ್ರಕಟಿಸಿದರು. ಅವರ ತಂದೆ, ಬ್ರಿಟನ್ನಿನ ರಾಜಖಗೋಳಜ್ಞ ಜಾರ್ಜ್ ಏರಿಗೂ ಇದೇ ಬಾಧೆ ಇತ್ತು. ಅವರು ಅದರ ಬಗ್ಗೆ 1865ರಲ್ಲೇ ಬರೆದಿದ್ದರು.

1941ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮ್ಮದೇ ಆರಾ ಸರಿಯುವ ವೇಗವನ್ನು ಅಳೆದು, ಮಿದುಳಿನ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಚಲಿಸುತ್ತಿರಬೇಕು ಎಂದು ಲೆಕ್ಕ ಹಾಕಿದರು. 1944ರಲ್ಲಿ ಬ್ರೆಜಿಲ್‌ನ ಅರಿಸ್ಟೈಡಿಸ್ ಲಿಯಾವೊ ಮೊಲದ ಮಿದುಳಿನಲ್ಲಿ ನಿಧಾನವಾಗಿ ಹರಡುವ ವಿದ್ಯುತ್ ಸ್ತಬ್ಧತೆಯ ಅಲೆಯೊಂದನ್ನು ಕಂಡರು. ಎರಡೂ ಒಂದೇ ಇರಬಹುದೆಂದು 1958ರಲ್ಲಿ ಪೀಟರ್ ಮಿಲ್ನರ್ ಹೊಂದಿಸಿ ತೋರಿಸುವವರೆಗೆ ಆ ಎರಡು ಬರಹಗಳು ಬೇರೆ ಬೇರೆಯಾಗಿಯೇ ಉಳಿದಿದ್ದವು. 2001ರಲ್ಲಿ ಮನುಷ್ಯರ ಮಿದುಳಿನಲ್ಲೇ ಈ ಅಲೆಯ ಸುಳಿವು ಎಂಆರ್‌ಐ ಸ್ಕ್ಯಾನಿನಲ್ಲಿ ಸೆರೆಯಾಯಿತು. ಆ ಪ್ರಯೋಗದಲ್ಲಿದ್ದ ಒಬ್ಬ ರೋಗಿಗೆ ವ್ಯಾಯಾಮ ಮಾಡಿದರೆ ಆರಾ ಬರುತ್ತಿತ್ತು. ಆತ ಬ್ಯಾಸ್ಕೆಟ್‌ಬಾಲ್ ಆಡಿ ಬಂದು ಸ್ಕ್ಯಾನರ್ ಒಳಗೆ ಮಲಗಿದ!

ಇಷ್ಟನ್ನು ಓದಿ 'ಓಹೋ, ನನ್ನದೂ ಮೈಗ್ರೇನೇ' ಎಂದು ನೀವೇ ತೀರ್ಮಾನಿಸಿಬಿಡಬೇಡಿ. ಅಬ್ಲೇಷನ್ ಆದ ಮೇಲೆ ಮೊದಲ ಬಾರಿ ನೋಟದಲ್ಲಿ ಏನೇ ವ್ಯತ್ಯಾಸ ಕಂಡರೂ ಅದೇ ದಿನ ಡಾಕ್ಟರಿಗೆ ತಿಳಿಸಲೇಬೇಕು. ಆರಾ ಎಂಬ ಹೆಸರು ಕೊಡುವುದು ಬೇರೆ ಅಪಾಯಗಳಿಲ್ಲವೆಂದು ಖಾತ್ರಿಯಾದ ಮೇಲೆ, ಅದೂ ಡಾಕ್ಟರು. ಹಾಗೆ ಖಾತ್ರಿಯಾದರೆ ಭಯಕ್ಕೆ ಕಾರಣವಿಲ್ಲ. ಬಹುತೇಕರಲ್ಲಿ ವಾರಗಳು, ತಿಂಗಳುಗಳು ಕಳೆದಂತೆ ಅದು ಕಡಿಮೆಯಾಗುತ್ತ ಹೋಗುತ್ತದೆ.

ಬೆಳಕು ಕಾಣುವುದು ಬೇರೆ, ಕತ್ತಲು ಕವಿಯುವುದು ಬೇರೆ. ಮೆಲ್ಲನೆ ಹರಡುವ ಮಿನುಗು ಸಾಮಾನ್ಯವಾಗಿ ಆರಾದ ಲಕ್ಷಣ. ಒಮ್ಮೆಲೇ, ಕ್ಷಣಾರ್ಧದಲ್ಲಿ ನೋಟದ ಒಂದು ಭಾಗ ಇಲ್ಲವಾಗುವುದು ರಕ್ತನಾಳ ಕಟ್ಟಿಕೊಂಡದ್ದರ ಲಕ್ಷಣವಾಗಿರಬಹುದು. ಮೊದಲನೆಯದಕ್ಕೆ ಫೋನ್ ಸಾಕಾಗಬಹುದು. ಎರಡನೆಯದಕ್ಕೆ ಆಂಬುಲೆನ್ಸೇ ಬೇಕು.

ಹೃದಯದಿಂದ ಹೊರಟ ಹೆಪ್ಪು ಕಣ್ಣಿಗೆ ಹೋಗಲು ದಾರಿ ಬಲು ಹತ್ತಿರ. ಕತ್ತಿನ ದೊಡ್ಡ ಅಪಧಮನಿ ತಲೆಬುರುಡೆಯೊಳಗೆ ಹೊಕ್ಕ ಮೇಲೆ ಕೊಡುವ ಮೊದಲ ಮುಖ್ಯ ಕವಲೇ ಕಣ್ಣಿನದು. ಅದರಿಂದ ಒಡೆಯುವ, ರೆಟಿನಾಕ್ಕೆ ರಕ್ತ ಕೊಡುವ ಮಧ್ಯನಾಳ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟೂ ದಪ್ಪವಿಲ್ಲ. ಅದು ಕಟ್ಟಿಕೊಂಡರೆ ನೋವಿಲ್ಲದೆ ಒಂದು ಕಣ್ಣು ಕುರುಡಾಗುತ್ತದೆ. ಈ ಸ್ಥಿತಿಯನ್ನು ಮೊದಲು ವಿವರಿಸಿದ್ದು ಬರ್ಲಿನ್‌ನ ಆಲ್‌ಬ್ರೆಕ್ಟ್ ಫಾನ್ ಗ್ರೇಫ್, 1859ರಲ್ಲಿ. ಅವರ ಆ ರೋಗಿಗೆ ಇದ್ದದ್ದು ಹೃದಯದ ಒಳಪದರದ ಸೋಂಕು! ಕಣ್ಣಿನ ಈ ಕಾಯಿಲೆ ವೈದ್ಯಶಾಸ್ತ್ರಕ್ಕೆ ಪರಿಚಯವಾದದ್ದೇ ಹೃದಯದ ಮೂಲಕ.

ರಕ್ತವಿಲ್ಲದೆ ರೆಟಿನಾ ಎಷ್ಟು ಹೊತ್ತು ಬದುಕುತ್ತದೆ? ಇದಕ್ಕೆ ಉತ್ತರ ಹುಡುಕಿದವರು ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ದುಡಿದ ನೇತ್ರವಿಜ್ಞಾನಿ ಸೋಹನ್ ಸಿಂಗ್ ಹೈರೆ. ಕೋತಿಗಳಲ್ಲಿ ಅವರು ನಡೆಸಿದ ಪ್ರಯೋಗಗಳ ಪ್ರಕಾರ 97 ನಿಮಿಷದವರೆಗೆ ರೆಟಿನಾ ಹಾನಿಯಿಲ್ಲದೆ ತಡೆದುಕೊಂಡಿತು. 240 ನಿಮಿಷ ದಾಟಿದಾಗ ಆದ ಹಾನಿ ಶಾಶ್ವತ. ಅಂದರೆ ನಾಲ್ಕೇ ಗಂಟೆ. 'ರಾತ್ರಿ ಮಲಗಿ ಎದ್ದರೆ ಸರಿಹೋದೀತು', 'ನಾಳೆ ಕನ್ನಡಕದ ಅಂಗಡಿಯಲ್ಲಿ ತೋರಿಸೋಣ' ಎನ್ನುವಷ್ಟರಲ್ಲಿ ಆ ನಾಲ್ಕು ಗಂಟೆ ಮುಗಿದಿರುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ತೊಂದರೆ ಕೊಡಬಾರದೆಂದು ಬೆಳಗಾಗುವವರೆಗೆ ಬಾಯಿಬಿಡದೆ ಕೂರುವುದುಂಟು. ದಯವಿಟ್ಟು ಅವರಿಗೆ ಮೊದಲೇ ಹೇಳಿಡಿ: ಈ ಒಂದು ವಿಷಯಕ್ಕೆ ನಡುರಾತ್ರಿಯಾದರೂ ಎಬ್ಬಿಸಬೇಕು.

ಒಂದು ಕಣ್ಣಿಗೆ ಕತ್ತಲು ಕವಿದು ಹತ್ತು ನಿಮಿಷದಲ್ಲಿ ಪೂರ್ತಿ ಸರಿಹೋಯಿತೇ? ಆಗಲೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ದೊಡ್ಡ ಪಾರ್ಶ್ವವಾಯುವಿಗೆ ಮುಂಚೆ ಬರುವ ಎಚ್ಚರಿಕೆ ಅದಾಗಿರಬಹುದು.

ಮನೆಯಲ್ಲೇ ಮಾಡಬಹುದಾದ, ಅರ್ಧ ನಿಮಿಷದ ಪರೀಕ್ಷೆಯೊಂದಿದೆ. ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿ. ತೊಂದರೆ ಒಂದೇ ಕಣ್ಣಿನಲ್ಲಿದ್ದರೆ ಅದು ಆ ಕಣ್ಣಿನದು ಅಥವಾ ಅದರ ನರ, ರಕ್ತನಾಳದ್ದು. ಯಾವ ಕಣ್ಣಿನಿಂದ ನೋಡಿದರೂ ಬಲಬದಿಯೇ (ಅಥವಾ ಎಡಬದಿಯೇ) ಕಾಣುವುದಿಲ್ಲವಾದರೆ ತೊಂದರೆ ಮಿದುಳಿನದು. ಮಿದುಳಿನ ಎಡ ಹಿಂಭಾಗಕ್ಕೆ ಪೆಟ್ಟಾದರೆ ಎರಡೂ ಕಣ್ಣಿನ ಬಲಬದಿಯ ನೋಟ ಹೋಗುತ್ತದೆ. ಎಷ್ಟೋ ರೋಗಿಗಳು ಇದನ್ನು 'ಬಲಗಣ್ಣು ಕಾಣುತ್ತಿಲ್ಲ' ಎಂದೇ ಹೇಳುತ್ತಾರೆ, ಕೇಳಿದವರೂ ಹಾಗೆಯೇ ನಂಬುತ್ತಾರೆ. ಓದುವಾಗ ಸಾಲಿನ ಕೊನೆ ಸಿಗದಿರುವುದು, ನಡೆಯುವಾಗ ಒಂದೇ ಬದಿಯ ಬಾಗಿಲಿಗೆ ಹೆಗಲು ತಾಗುವುದು, ತಟ್ಟೆಯ ಒಂದೇ ಬದಿಯ ಪಲ್ಯ ಉಳಿಯುವುದು ಇದರ ಸುಳಿವುಗಳು. ಆದರೆ ಪರೀಕ್ಷೆ ಮಾಡುತ್ತ ಹೊತ್ತು ಕಳೆಯಬೇಡಿ; ಅದರ ಉತ್ತರ ಡಾಕ್ಟರಿಗೆ ಹೇಳಲು ಮಾತ್ರ.

ಮುಖ ಸೊಟ್ಟಗಾಗುವುದು, ಕೈ ಬೀಳುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳೆಂದು ಈಗ ಬಹಳ ಜನರಿಗೆ ಗೊತ್ತು. ಈ ಮೂರನ್ನೇ ನೋಡಿದರೆ ಎಷ್ಟು ಮಂದಿ ತಪ್ಪಿಹೋಗುತ್ತಾರೆ? ಅಮೆರಿಕದ ಕೆಂಟಕಿಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 14ರಷ್ಟು ರೋಗಿಗಳಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಪಟ್ಟಿಗೆ ನಡಿಗೆಯ ಸಮತೋಲ ಮತ್ತು ಕಣ್ಣು ಎಂಬ ಎರಡನ್ನು ಸೇರಿಸಿದಾಗ ತಪ್ಪಿಹೋಗುವವರ ಪ್ರಮಾಣ ಶೇ. 4ರ ಆಸುಪಾಸಿಗೆ ಇಳಿಯಿತು.

ಅಬ್ಲೇಷನ್ ವೇಳೆ ಅಥವಾ ಅದರ ಬೆನ್ನಿಗೆ ಪಾರ್ಶ್ವವಾಯು ಆಗುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ. ಆದರೆ ರೋಗಿಗೆ ಗೊತ್ತೇ ಆಗದ ಸೂಕ್ಷ್ಮ ಕಲೆಗಳು ಎಂಆರ್‌ಐನಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ಬಳಸುವ ಉಪಕರಣಕ್ಕೂ ಇದಕ್ಕೂ ಸಂಬಂಧವಿದೆ ಎಂದು 2011ರಲ್ಲಿ ಇಟಲಿಯ ವೈದ್ಯರು ತೋರಿಸಿದರು. 36 ಜನರ ಮೂರು ಗುಂಪು. ತುದಿಗೆ ನೀರು ಹಾಯಿಸಿ ತಂಪಿಡುವ ರೇಡಿಯೋ ಕ್ಯಾತಿಟರ್ ಗುಂಪಿನಲ್ಲಿ ಹೊಸ ಕಲೆ ಕಂಡದ್ದು ಶೇ. 8ರಷ್ಟು ಮಂದಿಗೆ. ಕ್ರಯೋ ಬಲೂನ್ ಗುಂಪಿನಲ್ಲಿ ಸುಮಾರು ಶೇ. 6. ನೀರಿನ ವ್ಯವಸ್ಥೆಯಿಲ್ಲದ, ಹಲವು ಧ್ರುವಗಳ ಕ್ಯಾತಿಟರ್ ಗುಂಪಿನಲ್ಲಿ ಶೇ. 39! ಇಂಥ ಅಧ್ಯಯನಗಳ ನಂತರವೇ ಆ ಉಪಕರಣವನ್ನೂ ಬಳಸುವ ಕ್ರಮವನ್ನೂ ಬದಲಿಸಿದರು. ಚಿಕಿತ್ಸೆಯುದ್ದಕ್ಕೂ ಹೆಪಾರಿನ್ ಕೊಟ್ಟು ರಕ್ತ ಹೆಪ್ಪುಗಟ್ಟುವ ವೇಳೆಯನ್ನು 300 ಸೆಕೆಂಡಿಗಿಂತ ಮೇಲಿಡುವುದೂ, ಮೊದಲೇ ಹೃದಯದ ಕಿವಿಯಂಥ ಚೀಲದಲ್ಲಿ ಹೆಪ್ಪಿದೆಯೇ ಎಂದು ನೋಡುವುದೂ ಈ ಕಾರಣಕ್ಕೇ.

ಎಲ್ಲ ಅಬ್ಲೇಷನ್ ಒಂದೇ ಅಲ್ಲ. ಎದೆ ಏಕಾಏಕಿ ಓಡತೊಡಗುವ ಎಸ್‌ವಿಟಿಗೆ ಮಾಡುವ ಅಬ್ಲೇಷನ್ ಹೆಚ್ಚಾಗಿ ಹೃದಯದ ಬಲಭಾಗದಲ್ಲೇ ಮುಗಿಯುತ್ತದೆ. ಗೋಡೆ ತೂತು ಮಾಡುವ ಪ್ರಶ್ನೆಯಿಲ್ಲ, ಮಿದುಳಿಗೆ ಹೆಪ್ಪು ಹೋಗುವ ಭಯ ತೀರ ಕಡಿಮೆ. 'ನನಗೆ ಮಾಡಿದ್ದು ಎಡಭಾಗದಲ್ಲೋ ಬಲಭಾಗದಲ್ಲೋ?' ಎಂದು ಕೇಳಿ ತಿಳಿದುಕೊಳ್ಳಿ. ಡಿಸ್ಚಾರ್ಜ್ ಚೀಟಿಯಲ್ಲೂ ಅದು ಬರೆದಿರುತ್ತದೆ.

ಚಿಕಿತ್ಸೆಯ ದಿನ ಕಣ್ಣು ಮಂಜಾಗಿ, ಮರಳು ಬಿದ್ದ ಹಾಗೆ ಚುಚ್ಚುತ್ತಿದ್ದರೆ? ಅರಿವಳಿಕೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚದೆ ಕಾರ್ನಿಯಾ ಒಣಗಿರಬಹುದು, ತರಚಿರಬಹುದು. ಎದೆಬಡಿತ ಏರಿಸಲು ಅಟ್ರೋಪಿನ್ ಕೊಟ್ಟಿದ್ದರೆ ಪಾಪೆ ಹಿಗ್ಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಇವು ಬೇಗ ಸರಿಹೋಗುತ್ತವೆ.

ಬಿಳಿಗುಡ್ಡೆಯ ಮೇಲೆ ಕೆಂಪು ರಕ್ತದ ಮಚ್ಚೆ ಮೂಡಿ, ಕನ್ನಡಿ ನೋಡಿದವರು ಬೆಚ್ಚಿಬೀಳುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಸಾಮಾನ್ಯ. ನೋವಿಲ್ಲದೆ, ನೋಟ ಕೆಡದೆ ಇದ್ದರೆ ಒಂದೆರಡು ವಾರದಲ್ಲಿ ಕರಗುತ್ತದೆ. ಆದರೆ ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾಗಿರುವವರಿಗೆ ಕಣ್ಣಿನ ಒಳಗೇ ರಕ್ತ ಸೋರಬಹುದು. ಆಗ ಕಪ್ಪು ಎಳೆಗಳು ತೇಲಾಡುತ್ತವೆ ಇಲ್ಲವೆ ಹೊಗೆ ಕವಿದಂತಾಗುತ್ತದೆ. ಇಂಥವರು ಅಬ್ಲೇಷನ್‌ಗೆ ಮುಂಚೆಯೇ ಒಮ್ಮೆ ರೆಟಿನಾ ಪರೀಕ್ಷೆ ಮಾಡಿಸಿಕೊಂಡಿರುವುದು ಒಳ್ಳೆಯದು.

ಮಾತ್ರೆಗಳೂ ನೋಟ ಬದಲಿಸುತ್ತವೆ. ಅಬ್ಲೇಷನ್ ಬಳಿಕ ಕೆಲವು ವಾರ ಮುಂದುವರಿಸುವ ಅಮಿಯೊಡರೋನ್, ಬಹುಕಾಲ ತೆಗೆದುಕೊಂಡ ಬಹುತೇಕ ಎಲ್ಲರ ಕಾರ್ನಿಯಾದಲ್ಲೂ ಸುಳಿಯಾಕಾರದ ಕಂದು ಗೆರೆಗಳನ್ನು ಬರೆಯುತ್ತದೆ! ಹೆಚ್ಚಿನವರಿಗೆ ಅದು ಗೊತ್ತೂ ಆಗುವುದಿಲ್ಲ; ಕೆಲವರಿಗೆ ರಾತ್ರಿ ದೀಪದ ಸುತ್ತ ಬಣ್ಣದ ವರ್ತುಲ ಕಾಣುತ್ತದೆ. ಈ ಔಷಧ ದೇಹದಿಂದ ಅರ್ಧ ಹೊರಹೋಗಲು ಸರಾಸರಿ 58 ದಿನ ಹಿಡಿಯುವುದರಿಂದ, ಬಿಟ್ಟ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಅಪರೂಪಕ್ಕೆ ಕಣ್ಣಿನ ನರಕ್ಕೇ ತೊಂದರೆಯಾಗುವುದರಿಂದ, ನೋಟ ದಿನೇ ದಿನೇ ಕುಗ್ಗುತ್ತಿದ್ದರೆ ಸುಮ್ಮನಿರಬಾರದು. ಬಡಿತ ತಗ್ಗಿಸುವ ಐವಬ್ರಡೀನ್, ಕತ್ತಲಿಂದ ಬೆಳಕಿಗೆ ಬಂದಾಗ ಕೆಲವರಿಗೆ ಹೊಳಪಿನ ಮಿಂಚು ತೋರಿಸುತ್ತದೆ, ಏಕೆಂದರೆ ಹೃದಯದಲ್ಲಿ ಅದು ತಡೆಯುವ ವಿದ್ಯುತ್ ಬಾಗಿಲಿನ ಸೋದರ ರೂಪ ರೆಟಿನಾದಲ್ಲೂ ಇದೆ. ಬಡಿತದ ತಾಳ ಕಾಯುವ ಫ್ಲೆಕನೈಡ್ ಕೆಲವರ ನೋಟಕ್ಕೆ ಮಸುಕು ತರುತ್ತದೆ. ಡಿಗಾಕ್ಸಿನ್ ಮೈಯಲ್ಲಿ ಹೆಚ್ಚಾದರೆ ಲೋಕವೇ ಹಳದಿ, ಹಸಿರು. ಅದರ ಮೂಲವಾದ ಫಾಕ್ಸ್‌ಗ್ಲೋವ್ ಗಿಡದ ಬಗ್ಗೆ ಬರೆಯುತ್ತ ವಿಲಿಯಂ ವಿದರಿಂಗ್ ಇದನ್ನು 1785ರಲ್ಲೇ ದಾಖಲಿಸಿದ್ದರು.

ಈಗ ಹೇಳುವುದು ಅತಿ ವಿರಳ, ಆದರೆ ಜೀವ ಉಳಿಸುವ ಮಾತು. ಎಡ ಹೃತ್ಕರ್ಣದ ಬೆನ್ನಿಗೇ ಅನ್ನನಾಳವಿದೆ. ಸುಡುವಾಗಿನ ಶಾಖ ಅದಕ್ಕೂ ತಾಗಿದರೆ, ವಾರಗಳ ನಂತರ ಎರಡರ ನಡುವೆ ತೂತು ಬೀಳಬಹುದು. 2023ರಲ್ಲಿ ಪ್ರಕಟವಾದ, 5.5 ಲಕ್ಷಕ್ಕೂ ಹೆಚ್ಚು ಚಿಕಿತ್ಸೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಇದು ಕಂಡದ್ದು ಸುಮಾರು ನಾಲ್ಕು ಸಾವಿರಕ್ಕೆ ಒಂದು. ಲಕ್ಷಣ ಶುರುವಾದದ್ದು ಸಾಮಾನ್ಯವಾಗಿ 18ನೇ ದಿನದ ಸುಮಾರಿಗೆ, ಕೆಲವರಲ್ಲಿ ಎರಡು ತಿಂಗಳಿಗೆ. ಬದುಕಿ ಉಳಿದವರು ಅರ್ಧಕ್ಕಿಂತ ಕಡಿಮೆ. ಜ್ವರ, ಎದೆನೋವು, ನುಂಗಲು ಕಷ್ಟ, ಇವುಗಳ ಜೊತೆ ಗೊಂದಲವೋ ನೋಟ ಹೋಗುವುದೋ ಸೇರಿದರೆ ಗಾಳಿ ಅಥವಾ ಸೋಂಕಿನ ತುಣುಕು ಮಿದುಳಿಗೆ ಹೋಗುತ್ತಿರಬಹುದು. ಅಬ್ಲೇಷನ್ ಆದದ್ದು ಗೊತ್ತಿಲ್ಲದ ವೈದ್ಯರು ಗ್ಯಾಸ್ಟ್ರಿಕ್ ಎಂದುಕೊಂಡು ಬಾಯಿಂದ ಎಂಡೋಸ್ಕೋಪಿ ಮಾಡಿದರೆ, ಒಳಗೆ ಊದುವ ಗಾಳಿಯೇ ಮಾರಕವಾಗಬಹುದು. ಮಾಡಬೇಕಾದದ್ದು ಎದೆಯ ಸಿಟಿ ಸ್ಕ್ಯಾನ್. ಹಾಗಾಗಿ ಎರಡು ತಿಂಗಳೊಳಗೆ ಯಾವ ಆಸ್ಪತ್ರೆಗೆ, ಯಾವ ಕಾರಣಕ್ಕೆ ಹೋದರೂ 'ಅಬ್ಲೇಷನ್ ಆಗಿದೆ' ಎಂಬುದೇ ನಿಮ್ಮ ಮೊದಲ ಮಾತಾಗಿರಲಿ.

ಇಷ್ಟೆಲ್ಲ ಓದಿ ಅಬ್ಲೇಷನ್ನೇ ಬೇಡ ಎನಿಸಿತೇ? ತಾಳ್ಮೆಯಿಂದ ಇದನ್ನೂ ಕೇಳಿ. ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಿಗೆ ಪಾರ್ಶ್ವವಾಯುವಿನ ಸಂಭವ ಐದು ಪಟ್ಟು ಹೆಚ್ಚು ಎಂದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ದೀರ್ಘ ಅಧ್ಯಯನ ತೋರಿಸಿದೆ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರಲ್ಲಿ, ನಮ್ಮ ದೇಶದಲ್ಲಿ ಇಂಥವರು ಇಂದಿಗೂ ಅನೇಕರಿದ್ದಾರೆ, ಅದು 17 ಪಟ್ಟು! ಕಣ್ಣಿಗೂ ಮಿದುಳಿಗೂ ದೊಡ್ಡ ಶತ್ರು ಚಿಕಿತ್ಸೆಯಲ್ಲ, ಚಿಕಿತ್ಸೆಯಿಲ್ಲದ ಆ ಬಡಿತ.

ಅಬ್ಲೇಷನ್ ಆದ ಮೇಲೆ ಬಡಿತ ಸರಿಹೋದರೂ ಕನಿಷ್ಠ ಎರಡು ಮೂರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ಬೇಕೇ ಬೇಕು. ಸುಟ್ಟ ಗಾಯದ ಮೇಲೆ ಹೆಪ್ಪು ಕಟ್ಟುವ ಕಾಲವದು. ಆಮೇಲೆ ನಿಲ್ಲಿಸಬೇಕೇ ಎಂಬುದು ಬಡಿತ ಸರಿಯಾಗಿದೆಯೇ ಎನ್ನುವುದರ ಮೇಲಲ್ಲ, ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಪಾರ್ಶ್ವವಾಯು ಆಗಿತ್ತೇ ಎಂಬವುಗಳ ಮೇಲೆ ನಿಂತಿದೆ. ಹಲ್ಲು ಕೀಳಿಸಲೋ ಮದುವೆ ಓಡಾಟದಲ್ಲಿ ಮರೆತೋ ಮಾತ್ರೆ ತಪ್ಪಿಸಬೇಡಿ.

ನೋಟ ಒಮ್ಮೆಲೇ ಹೋದರೆ ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿ. ಕಣ್ಣಿನ ಕ್ಲಿನಿಕ್ಕಿಗಲ್ಲ, ಸಿಟಿ ಸ್ಕ್ಯಾನ್ ಮತ್ತು ಪಾರ್ಶ್ವವಾಯು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಗಡುವು ನಾಲ್ಕೂವರೆ ಗಂಟೆ. ರಕ್ತ ತೆಳುವಿನ ಮಾತ್ರೆ ನುಂಗಿದವರಿಗೆ ಅದನ್ನು ಕೊಡಲಾಗದೇ ಇರಬಹುದು. ದೊಡ್ಡ ನಾಳ ಕಟ್ಟಿದ್ದರೆ ಕ್ಯಾತಿಟರ್‌ನಿಂದ ಹೆಪ್ಪು ಹೊರತೆಗೆಯುವ ದಾರಿ ಆಗಲೂ ತೆರೆದಿರುತ್ತದೆ. ಆದ್ದರಿಂದ ಒಂದು ಚೀಟಿಯಲ್ಲಿ ಅಬ್ಲೇಷನ್ ಆದ ದಿನಾಂಕ, ಎಡಭಾಗವೋ ಬಲಭಾಗವೋ, ಮಾತ್ರೆಗಳ ಹೆಸರು ಬರೆದು ಮನೆಯವರ ಕೈಗೆ ಇಂದೇ ಕೊಡಿ. ಕೊನೆಯ ಮಾತ್ರೆ ನುಂಗಿದ ಹೊತ್ತನ್ನೂ, ನೋಟ ಕೆಟ್ಟ ಹೊತ್ತನ್ನೂ ನೆನಪಿಟ್ಟು ಹೇಳಲು ಅವರಿಗೆ ತಿಳಿಸಿಡಿ.